ಪದಚರ್ಚೆ: ಮೇಸ್ತ್ರಿಯ ಪರವಾನಗಿ, ಮನೆಯ ಪರವಾನಗಿ. ಎರಡಕ್ಕೂ ಒಂದೇ ಪದ ಸಾಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ಮೂರ್ನಾಲ್ಕು ಪದಗಳ ವಿಷಯಕ್ಕೆ ನಿಮ್ಮ ಸಹಾಯ ಬೇಕು. ನಿಜವಾಗಿ ತಲೆ ತಿನ್ನುತ್ತಿರುವುದು ಮಾತ್ರ ಒಂದೇ: ಪರವಾನಗಿ.

ಬೆಂಗಳೂರಿನಲ್ಲಿ ನಮ್ಮದು 24 ಮನೆಗಳ ಹಳೆಯ ಅಪಾರ್ಟ್‌ಮೆಂಟು. ಈ ವರ್ಷ ಸಂಘದ ಕಾರ್ಯದರ್ಶಿ ಕೆಲಸ ನನ್ನ ತಲೆಗೆ ಬಂದಿದೆ. ಮನೆ ರಿಪೇರಿಗೆ ಕೈ ಹಾಕುವವರು ಕಂಟ್ರಾಕ್ಟರ್ ಹತ್ತಿರ ಯಾವ್ಯಾವ ಕಾಗದ ಕೇಳಿ ನೋಡಬೇಕು ಅಂತ ಅರ್ಧ ಪುಟದ ನೋಟೀಸು ಬರೆದು ಲಿಫ್ಟ್ ಪಕ್ಕ ಅಂಟಿಸಬೇಕು. ಇಂಗ್ಲಿಷಿನದು ಹತ್ತು ನಿಮಿಷದಲ್ಲಿ ಮುಗಿಯಿತು. ಕನ್ನಡದ್ದು ಮೂರನೇ ಕರಡಿನಲ್ಲಿದೆ.

ಮೊದಲ ಕರಡು ಶುರುವಾಗಿದ್ದು ಹೀಗೆ: "ಮನೆ ನವೀಕರಣಕ್ಕೆ ಮೊದಲು ಗುತ್ತಿಗೆದಾರರ ಪರವಾನಗಿ ನವೀಕರಣವಾಗಿದೆಯೇ ನೋಡಿ, ನವೀಕರಣಕ್ಕೆ ಪರವಾನಗಿ ಪಡೆಯಿರಿ." ನನ್ನ ಹೆಂಡತಿ ಓದಿ, "ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಇದಕ್ಕಿಂತ ಸುಲಭ" ಅಂದಳು. ರಿನೋವೇಶನ್ನೂ ನವೀಕರಣ, ರಿನ್ಯೂವಲ್ಲೂ ನವೀಕರಣ. ಲೈಸೆನ್ಸೂ ಪರವಾನಗಿ, ಪರ್ಮಿಟ್ಟೂ ಪರವಾನಗಿ. ಮೊದಲನೆಯದನ್ನು ಹೇಗೋ ದಾಟಿದೆ, ಮನೆಗೆ 'ರಿಪೇರಿ' ಅಂತ ಬರೆದುಬಿಟ್ಟೆ. 'ದುರಸ್ತಿ' ಅನ್ನಬಹುದಿತ್ತು. ಆದರೆ ಊರಲ್ಲಿ ಒಂದೆಕರೆ ಜಮೀನಿರುವವರಿಗೂ ದುರಸ್ತಿ ಅಂದ ಕೂಡಲೇ ಪೋಡಿ ದುರಸ್ತಿ (ಜಮೀನು ಅಳೆದು ದಾಖಲೆ ಸರಿಪಡಿಸುವುದು), ಸರ್ವೆ ಆಫೀಸು ಕಣ್ಣ ಮುಂದೆ ಬರುತ್ತದೆ.

ಪರವಾನಗಿಯನ್ನು ಅಷ್ಟು ಸುಲಭವಾಗಿ ಬಿಡಲಾರೆ. ಈ ಪದ ನನ್ನ ಕೈಯಿಂದ ದುಡ್ಡು ಖರ್ಚು ಮಾಡಿಸಿದೆ.

ಈ ಅಪಾರ್ಟ್‌ಮೆಂಟಿಗೆ ಬರುವ ಮೊದಲು ಹಳೆ ಮನೆಯ ತಾರಸಿ ಮೇಲೆ ಒಂದು ಕೋಣೆ ಹಾಕಿಸಿದ್ದೆ. ಮೇಸ್ತ್ರಿಯನ್ನು ಕೂರಿಸಿಕೊಂಡು, "ಪರವಾನಗಿ ಎಲ್ಲಾ ಇದೆಯೇನಪ್ಪ?" ಅಂದೆ. "ಇದೆ ಸಾರ್" ಅಂತ ಪ್ಲಾಸ್ಟಿಕ್ ಕವರಿನಿಂದ ಒಂದು ಲ್ಯಾಮಿನೇಟ್ ಮಾಡಿದ ಕಾಗದ ತೆಗೆದ. ಫೋಟೋ, ಸೀಲು, ಸಹಿ ಎಲ್ಲ ಇತ್ತು. ಸರ್ಕಾರಿ ಕೆಲಸ ಹಿಡಿಯಲು ಬೇಕಾದ ಗುತ್ತಿಗೆದಾರರ ನೋಂದಣಿ ಅದು. ನನಗೆ ಅಷ್ಟೇ ಸಾಕಾಯಿತು. ಗೋಡೆ ಸೊಂಟದ ಮಟ್ಟಕ್ಕೆ ಎದ್ದಿತ್ತು, ಪಾಲಿಕೆಯಿಂದ ಒಬ್ಬ ಇಂಜಿನಿಯರ್ ಬಂದು ಪರವಾನಗಿ ಕೇಳಿದರು. ನಾನು ಧೈರ್ಯವಾಗಿ ಅದೇ ಕಾಗದದ ಜೆರಾಕ್ಸ್ ಕೊಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ ಹೇಳಿದರು: "ಇದು ಅವನದು ಸಾರ್. ನಿಮ್ಮ ಮನೇದು ಎಲ್ಲಿ?"

ಬಣ್ಣ, ಪ್ಲಾಸ್ಟರಿಂಗ್, ನೆಲದ ಟೈಲ್ಸ್ ಇಷ್ಟಕ್ಕೆ ಪಾಲಿಕೆಯನ್ನು ಕೇಳಬೇಕಿಲ್ಲ. ಕೋಣೆ ಸೇರಿಸಿದರೆ ನಕ್ಷೆಯೇ ಬದಲಾಗುತ್ತದೆ, ಅದಕ್ಕೆ ಬೇರೆ ಮಂಜೂರಾತಿ ಬೇಕು. ಒಂದೂವರೆ ತಿಂಗಳು ಕೆಲಸ ನಿಂತಿತು. ರಸ್ತೆ ಬದಿ ಸುರಿಸಿದ್ದ ಎಂ ಸ್ಯಾಂಡ್ ಅರ್ಧ ಮಳೆಗೆ ಹೋಯಿತು. ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ, ಅಲ್ವಾ? ನಾನು ಕೇಳಿದ ಪದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದ.

ಇನ್ನು ಪದದ ಹುಟ್ಟು. ಮೂಲ ಫಾರಸಿಯ ಪರ್ವಾನಾ, ಅಂದರೆ ಅಪ್ಪಣೆಯ ಚೀಟಿ. (ದೀಪಕ್ಕೆ ಬೀಳುವ ಪತಂಗಕ್ಕೂ ಅಲ್ಲಿ ಅದೇ ಹೆಸರು. ನನ್ನ ಆ ಕೋಣೆಗೆ ಅದೇ ಜಾಸ್ತಿ ಹೊಂದುತ್ತದೆ.) ಮರಾಠಿಯವರು ಇದನ್ನು ಚೆನ್ನಾಗಿ ಹಂಚಿಕೊಂಡಿದ್ದಾರೆ: ಲೈಸೆನ್ಸಿಗೆ ಪರವಾನಾ, ಅನುಮತಿಗೆ ಪರವಾನಗೀ. ನಾವು ಒಂದನ್ನೇ ಇಟ್ಟುಕೊಂಡು ಚಾಲನಾ ಪರವಾನಗಿ, ವ್ಯಾಪಾರ ಪರವಾನಗಿ, ಕಟ್ಟಡ ಪರವಾನಗಿ ಅಂತ ಎಲ್ಲದಕ್ಕೂ ಅಂಟಿಸಿದೆವು. ಮೊದಲನೆಯದು ಮನುಷ್ಯನಿಗೆ, ಎರಡನೆಯದು ಅಂಗಡಿಗೆ, ಮೂರನೆಯದು ಜಾಗಕ್ಕೆ.

ಇಂಗ್ಲಿಷ್ ಪದ ಬಳಸುವ ಆಡುಮಾತಿನಲ್ಲಿ ಈ ಗೊಂದಲ ಇಲ್ಲವೇ ಇಲ್ಲ ಅನ್ನುವುದು ಸೋಜಿಗ. ಯಾವ ಆಟೋ ಡ್ರೈವರನ್ನಾದರೂ ಕೇಳಿ: ಡಿಎಲ್ ನಂದು, ಪರ್ಮಿಟ್ ಗಾಡೀದು ಅಂತ ಪಟ್ಟನೆ ಹೇಳುತ್ತಾನೆ. ಸಾರಿಗೆ ಇಲಾಖೆಯ ಕನ್ನಡದಲ್ಲೂ ಆ ಪರ್ಮಿಟ್ಟಿಗೆ ಬೇರೆ ಪದವೇ ಇದೆ, ರಹದಾರಿ. ಎಷ್ಟು ಚಂದದ ಪದ! ಆದರೆ ರಾಹ್ ಅಂದರೆ ದಾರಿ. ಬಚ್ಚಲುಮನೆ ಒಡೆಯಲು ರಹದಾರಿ ಪಡೆಯಿರಿ ಅಂತ ಬರೆದರೆ ನಮ್ಮ ಮೂರನೇ ಮಹಡಿಯ ಅಜ್ಜಿ ಎಲ್ಲಿಗೆ ಹೊರಟಿರಿ ಅಂತ ಕೇಳಿಯಾರು.

ಸರಿ, ಆಳಿನದು ಪರವಾನಗಿ, ಕೆಲಸದ್ದು ಅನುಮತಿ ಅಂತ ಗೆರೆ ಎಳೆಯೋಣ ಅಂದುಕೊಂಡೆ. ಅಲ್ಲೂ ಒಂದು ತೊಡಕು ಬಂತು. ವಿದ್ಯುತ್ ಪರಿವೀಕ್ಷಣಾಲಯ ಎಲೆಕ್ಟ್ರಿಕಲ್ ಕಂಟ್ರಾಕ್ಟರಿಗೆ ಕೊಡುವುದು ಲೈಸೆನ್ಸು, ಅವನ ಕೈಕೆಳಗಿನ ವೈರ್‌ಮನ್‌ಗೆ ಕೊಡುವುದು ಪರ್ಮಿಟ್ಟು. ಅಲ್ಲಿ ಪರ್ಮಿಟ್ಟೂ ಆಳಿನದೇ! ಆದರೂ ಗೆರೆ ಇರಲಿ ಅನ್ನುವುದು ನನ್ನ ಅಭಿಪ್ರಾಯ. ವೈರ್‌ಮನ್ನಿನ ಪರ್ಮಿಟ್ಟನ್ನೂ ಕನ್ನಡದಲ್ಲಿ ಪರವಾನಗಿ ಅಂದರೆ ಯಾರಿಗೂ ನಷ್ಟವಿಲ್ಲ.

ಎರಡನೇ ಪದ ವಿಮೆ. ಪದದಲ್ಲಿ ತಕರಾರಿಲ್ಲ, ಅದರ ಹಿಂದೆ ಮುಂದೆ ಏನು ಸೇರಿಸಬೇಕು ಅನ್ನುವುದೇ ಕಷ್ಟ. ಅದೇ ಕೋಣೆಯ ಕೆಲಸದಲ್ಲಿ ಸಾರುವೆಯ ಒಂದು ಸರ್ವೆ ಮರದ ಕಂಬ ಜಾರಿ ಪಕ್ಕದ ಮನೆಯ ಸಿಮೆಂಟ್ ಶೀಟಿನ ಮೇಲೆ ಬಿತ್ತು. ಶೀಟು ಎರಡು ಹೋಳು. "ಇನ್ಶೂರೆನ್ಸ್ ಇದೆ ಅಂದಿದ್ದೆಯಲ್ಲ?" ಅಂದೆ. "ಇದೆ ಸಾರ್, ಥರ್ಡ್ ಪಾರ್ಟೀನೂ ಇದೆ" ಅಂದ. ಕಾಗದ ನೋಡಿದರೆ ಅವನ ಗೂಡ್ಸ್ ಆಟೋದ್ದು. ಮತ್ತೆ ಅದೇ ಕಥೆ, ಶೀಟಿನ ದುಡ್ಡು ನಾನೇ ಕೊಟ್ಟೆ.

ಹಾಗಾಗಿ ನೋಟೀಸಿನಲ್ಲಿ ಸುಮ್ನೆ 'ವಿಮೆ' ಅಂತ ಬರೆದರೆ ಆಗುವುದಿಲ್ಲ. ಕೆಲಸದವರು ಬಿದ್ದು ಪೆಟ್ಟಾದರೆ ಒಂದು ಪಾಲಿಸಿ. ಅದನ್ನು ಈಗಲೂ ಡಬ್ಲ್ಯೂಸಿ ಪಾಲಿಸಿ ಅನ್ನುತ್ತಾರೆ. 1923ರ ವರ್ಕ್‌ಮೆನ್ಸ್ ಕಾಂಪೆನ್ಸೇಶನ್ (ಕೆಲಸಗಾರರ ಪರಿಹಾರ) ಕಾಯ್ದೆಯ ಹೆಸರಿನಲ್ಲಿದ್ದ 'ವರ್ಕ್‌ಮೆನ್' 2009ರ ತಿದ್ದುಪಡಿಯಲ್ಲಿ 'ಎಂಪ್ಲಾಯೀ' ಆದರೂ ಬಾಯಲ್ಲಿ ಡಬ್ಲ್ಯೂ ಹೋಗಿಲ್ಲ. ಕಟ್ಟುತ್ತಿರುವ ಕೆಲಸಕ್ಕೇ ಹಾನಿಯಾದರೆ ಇನ್ನೊಂದು, ಕಂಟ್ರಾಕ್ಟರ್ಸ್ ಆಲ್ ರಿಸ್ಕ್. ಅದರ ಮೊದಲಕ್ಷರಗಳನ್ನು ಕೂಡಿಸಿ 'ಕಾರ್ ಪಾಲಿಸಿ' ಅಂತ ಎರಡನೇ ಕರಡಿನಲ್ಲಿ ಬರೆದಿದ್ದೆ. ನಮ್ಮ ವಾಚ್‌ಮನ್ ಓದಿ, "ಮೇಸ್ತ್ರಿ ಹತ್ರ ಕಾರೆಲ್ಲಿ ಸಾರ್, ಟಿವಿಎಸ್ ಇರೋದು" ಅಂದ. ಹೊಡೆದು ಹಾಕಿದೆ.

ಪಕ್ಕದವರ ಶೀಟು ಒಡೆದರೆ ಬೇಕಾಗುವುದು ಥರ್ಡ್ ಪಾರ್ಟಿ ರಕ್ಷಣೆ. 'ತೃತೀಯ ಪಕ್ಷ' ಅಂದರೆ ಚುನಾವಣೆ ಬಂದ ಹಾಗಿದೆ. 'ಮೂರನೇ ವ್ಯಕ್ತಿ' ಅಂದರೆ ಯಾರೋ ಗುರುತಿಲ್ಲದವನು ಅನ್ನಿಸುತ್ತದೆ. ಶೀಟು ಒಡೆಸಿಕೊಂಡವರು ದಿನಾ ಬೆಳಿಗ್ಗೆ ನನ್ನ ಮುಖ ನೋಡುವವರು! ಸದ್ಯಕ್ಕೆ ಹೀಗೆ ಬರೆದಿದ್ದೇನೆ: ಕೆಲಸಗಾರರ ವಿಮೆ, ಕಾಮಗಾರಿ ವಿಮೆ, ಅಕ್ಕಪಕ್ಕದವರ ವಿಮೆ. ಕೊನೆಯದು ತೀರಾ ಮನೆಮಾತು ಅನ್ನಿಸುತ್ತದೆಯೇ?

ಕ್ಯಾಲಿಫೋರ್ನಿಯಾದಲ್ಲಿರುವ ಅಣ್ಣನ ಮಗನಿಗೆ ಇದನ್ನು ಹೇಳಿದೆ. ಅಲ್ಲಿ ರಿಪೇರಿಯವರ ವ್ಯಾನಿನ ಮೇಲೇ 'ಲೈಸೆನ್ಸ್ಡ್, ಬಾಂಡೆಡ್, ಇನ್ಶೂರ್ಡ್' ಅಂತ ಬರೆದುಕೊಂಡು ಓಡಾಡುತ್ತಾರಂತೆ. ಲೈಸೆನ್ಸ್ ಇರುವ ಕಂಟ್ರಾಕ್ಟರ್ 2023ರಿಂದ ಅಲ್ಲಿ 25,000 ಡಾಲರಿನ ಬಾಂಡ್, ಅಂದರೆ ಕೆಲಸ ಕೆಟ್ಟರೆ ಪರಿಹಾರಕ್ಕೆ ಖಾತರಿ, ಇಟ್ಟಿರಬೇಕು. ಕೆಲಸದ ಪರ್ಮಿಟ್ ಬೇರೆ, ಅದು ಊರಿನ ಕಚೇರಿಯದು. 'ಬಾಂಡೆಡ್'ಗೆ ಕನ್ನಡ ಏನು ಅಂತ ಅವನು ನನ್ನನ್ನೇ ಕೇಳಿದ. ಜಾಮೀನು ಅಂದರೆ ಕೋರ್ಟು, ಜೈಲು ನೆನಪಾಗುತ್ತದೆ. ನನಗೆ ಹೊಳೆದದ್ದು ಹೊಣೆ. ಹಳಗನ್ನಡದ ಪೊಣೆಗೆ ಜಾಮೀನು ಅನ್ನುವುದೇ ಅರ್ಥ. ಈಗ ನಾವು ಅದನ್ನು ಬರೀ ಜವಾಬ್ದಾರಿಗೆ ಬಳಸುತ್ತೇವೆ. 'ಹೊಣೆ ಇಟ್ಟವರು' ಅಂದರೆ ಅರ್ಥವಾದೀತೇ?

ಕೊನೆಗೆ ಗುತ್ತಿಗೆದಾರ. ಅಚ್ಚಕನ್ನಡದ ಗುತ್ತಿಗೆಗೆ ಫಾರಸಿಯ ದಾರ. ಪದ ಸರಿಯೇ ಇದೆ, ಆದರೆ ಅದನ್ನು ಕೇಳಿದರೆ ನನಗೆ ಡಾಂಬರು ರಸ್ತೆ, ಟೆಂಡರು, 2007ಕ್ಕೆ ಮೊದಲಿನ ಸಾರಾಯಿ ಹರಾಜು ನೆನಪಾಗುತ್ತವೆ. "ನೀನೇನು ಗುತ್ತಿಗೆ ತಗೊಂಡಿದ್ದೀಯಾ?" ಅನ್ನುವ ಬೈಗುಳ ಬೇರೆ. ಬಚ್ಚಲಿನ ಟೈಲ್ಸ್ ಹಾಕುವವನು ಆ ಸಾಲಿಗೆ ಸೇರುವುದಿಲ್ಲ. ಅವನು ಮೇಸ್ತ್ರಿ. ಪೋರ್ಚುಗೀಸರ ಮೆಸ್ತ್ರೆಯಿಂದ ಬಂದ ಪದವಾದರೂ ಈಗ ಅದಕ್ಕಿಂತ ಕನ್ನಡ ಇನ್ನೊಂದಿಲ್ಲ. ನೋಟೀಸಿನಲ್ಲಿ 'ಮೇಸ್ತ್ರಿ ಅಥವಾ ಕಂಟ್ರಾಕ್ಟರ್' ಅಂತ ಬರೆದಿದ್ದೇನೆ. ಇದನ್ನು ಬದಲಿಸುವುದಿಲ್ಲ, ದಯವಿಟ್ಟು ಒತ್ತಾಯ ಮಾಡಬೇಡಿ.

ಬೆಳಗಾವಿ, ಧಾರವಾಡ ಕಡೆಯವರಿಗೆ ಒಂದು ಪ್ರಶ್ನೆ. ನಿಮ್ಮಲ್ಲಿ 'ಪರವಾನಗಿ ಕೇಳು' ಅಂದರೆ ಅಪ್ಪಣೆ ಕೇಳುವುದು ಅಂತಲೇ ಇದೆಯಲ್ಲವೇ? ಹಾಗಿದ್ದರೆ ನನ್ನ ಗೆರೆ ನಿಮಗೆ ತಲೆಕೆಳಗಾಗಿ ಕಾಣಬಹುದು. ಕರಾವಳಿಯವರು ಮನೆ ಕಟ್ಟುವಾಗ ಪಂಚಾಯಿತಿಯಿಂದ ತರುವ ಕಾಗದಕ್ಕೆ ಮನೆಯಲ್ಲಿ ಏನು ಅನ್ನುತ್ತೀರಿ?

ಭಾನುವಾರದೊಳಗೆ ಉತ್ತರ ಸಿಕ್ಕರೆ ಒಳ್ಳೆಯದು. ಸೋಮವಾರ 302ರವರು ಅಡುಗೆಮನೆ ಗೋಡೆ ಒಡೆಸುತ್ತಾರಂತೆ.