ಮನೆಯ ಕಡಲನೀರಿನ ತೊಟ್ಟಿಗೆ ಕಡಿಮೆ ಬೆಲೆಯ ಉಪ್ಪು: ಯಾವುದನ್ನು ಕೊಳ್ಳಬಹುದು?

ಬಸವನಗುಡಿ_ಮೀನುಪ್ರಿಯ

ಎಲ್ಲರಿಗೂ ನಮಸ್ಕಾರ. ಸಿಹಿನೀರಿನ ಮೀನುಗಳನ್ನು ಸಾಕಿ ಅಭ್ಯಾಸವಿರುವ ನಾನು ಈಗ ಕಡಲನೀರಿನ ತೊಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಕಲ್ಲು ಮತ್ತು ಮರಳು ಹಿಡಿಯುವ ಜಾಗವನ್ನು ಕಳೆದರೆ ಅದರಲ್ಲಿ ಸುಮಾರು 150 ಲೀಟರ್ ನೀರು ನಿಲ್ಲುತ್ತದೆ. ಒಂದು ಜೊತೆ ಕ್ಲೌನ್ ಮೀನು, ಒಂದೆರಡು ಡ್ಯಾಮ್ಸೆಲ್ ಮತ್ತು ಪಾಚಿ ತಿನ್ನಲು ಕೆಲವು ಬಸವನಹುಳುಗಳನ್ನು ಬಿಡುವ ಯೋಚನೆಯಿದೆ. ಹವಳಗಳನ್ನು ಸಾಕುವ ಉದ್ದೇಶ ಸದ್ಯಕ್ಕಿಲ್ಲ.

ಉಪ್ಪಿನ ವಿಚಾರದಲ್ಲಿ ನನಗೆ ಸ್ಪಷ್ಟತೆ ಬೇಕಾಗಿದೆ. ಶಿವಾಜಿನಗರದ ಅಂಗಡಿಗಳಲ್ಲಿ ವಿಚಾರಿಸಿದಾಗ ವಿದೇಶದಿಂದ ಬಂದ ಬಕೆಟ್ಟುಗಳು, ಅವಕ್ಕಿಂತ ಅಗ್ಗವಾದ ಇಲ್ಲಿಯ ತಯಾರಿಕೆಯ ಚೀಲಗಳು, ಹೆಸರುಚೀಟಿಯೇ ಇಲ್ಲದ ಒಂದು ಕಿಲೋ ಪೊಟ್ಟಣಗಳು ಮತ್ತು ಎಲ್ಲಕ್ಕಿಂತ ಅಗ್ಗವಾದ ‘ಅಕ್ವೇರಿಯಂ ಸಾಲ್ಟ್’ ಎಂಬ ಹರಳುಪ್ಪು ಕಣ್ಣಿಗೆ ಬಿದ್ದವು. ನಮ್ಮ ಮನೆಗೆ ಗೋಕರ್ಣದ ಕಡೆಯಿಂದ ಸಾಣಿಕಟ್ಟಾ ಉಪ್ಪು ತರಿಸುವ ರೂಢಿಯಿದೆ. ಕಡಲ ನೀರನ್ನೇ ಬಿಸಿಲಿಗೆ ಒಣಗಿಸಿ ತೆಗೆದ ಉಪ್ಪನ್ನು ಮತ್ತೆ ನೀರಿಗೆ ಹಾಕಿದರೆ ಅದು ಕಡಲ ನೀರೇ ಆಗಬೇಕಲ್ಲವೇ ಎಂಬುದು ಮನೆಯವರ ಪ್ರಶ್ನೆ, ಅದಕ್ಕೆ ನನ್ನಲ್ಲಿ ಸರಿಯಾದ ಉತ್ತರವಿಲ್ಲ. ಖರ್ಚು ಹತೋಟಿಯಲ್ಲಿರಬೇಕು, ಆದರೆ ಆ ಕಾರಣಕ್ಕೆ ಮೀನುಗಳು ಕಷ್ಟಪಡಬಾರದು. ಅನುಭವವಿರುವವರು ದಯವಿಟ್ಟು ತಿಳಿಸಿಕೊಡಿ.

ರಸಾಯನ_ಮೇಷ್ಟ್ರು

ನಿಮ್ಮ ಮನೆಯವರ ಪ್ರಶ್ನೆ ಬಹಳ ಸಮಂಜಸವಾದದ್ದು, ಆದ್ದರಿಂದ ಅದರಿಂದಲೇ ಆರಂಭಿಸುತ್ತೇನೆ. ಉಪ್ಪಿನಾಗರದಲ್ಲಿ ನಡೆಯುವುದು ಕಡಲ ನೀರನ್ನು ಪೂರ್ತಿಯಾಗಿ ಒಣಗಿಸುವ ಕೆಲಸವಲ್ಲ, ಅದರಿಂದ ಅಡುಗೆಗೆ ಬೇಕಾದ ಒಂದು ಲವಣವನ್ನು ಮಾತ್ರ ಬೇರ್ಪಡಿಸುವ ಕೆಲಸ. ನೀರು ಸರಿಸುಮಾರು ಅರ್ಧದಷ್ಟು ಆವಿಯಾಗುವ ಹೊತ್ತಿಗೆ ಸುಣ್ಣದ ಅಂಶವಾದ ಕ್ಯಾಲ್ಸಿಯಂ ಕಾರ್ಬೊನೇಟ್ ತಳಕ್ಕೆ ಇಳಿಯತೊಡಗುತ್ತದೆ. ಐದನೆಯ ಒಂದು ಭಾಗ ಉಳಿದಾಗ ಜಿಪ್ಸಂ ಹರಳುಗಟ್ಟುತ್ತದೆ. ಹತ್ತನೆಯ ಒಂದು ಭಾಗಕ್ಕೆ ಬಂದಾಗ ಸೋಡಿಯಂ ಕ್ಲೋರೈಡ್, ಅಂದರೆ ನಾವು ಉಣ್ಣುವ ಉಪ್ಪು, ಹರಳಾಗುತ್ತದೆ. ಆಗ ಅದನ್ನು ಗೋರಿ ರಾಶಿ ಹಾಕುತ್ತಾರೆ. ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಲವಣಗಳು ಬಹುಪಾಲು ಕೊನೆಯಲ್ಲಿ ಉಳಿಯುವ ಕಹಿ ನೀರಿನಲ್ಲೇ ಇರುತ್ತವೆ. ಆ ನೀರು ಉಪ್ಪಿನಲ್ಲಿ ಸೇರಿದರೆ ಉಪ್ಪು ಕಹಿಯಾಗುತ್ತದೆ, ಗಾಳಿಯ ತೇವವನ್ನು ಎಳೆದುಕೊಂಡು ಬೆವರುತ್ತದೆ. ಅದಕ್ಕಾಗಿಯೇ ಅದನ್ನು ಹೊರಗೆ ಬಿಡುತ್ತಾರೆ. ಹೀಗೆ ಅಡುಗೆಮನೆಗೆ ಬೇಡವಾದದ್ದೇ ಮೀನಿನ ತೊಟ್ಟಿಗೆ ಬೇಕಾದದ್ದು.

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ, ಅದರಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸೇರಿ ಶೇ. 85ರಷ್ಟಾಗುತ್ತವೆ. ಮಿಕ್ಕ ಶೇ. 15ರಲ್ಲಿ ಸಲ್ಫೇಟ್ ಸುಮಾರು 2.7 ಗ್ರಾಂ, ಮೆಗ್ನೀಸಿಯಂ 1.3 ಗ್ರಾಂ, ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ತಲಾ 0.4 ಗ್ರಾಂ ಇರುತ್ತವೆ. ಕಡಲ ಮೀನಿನ ಮೈಯೊಳಗಿನ ದ್ರವದ ಉಪ್ಪು ಸುತ್ತಲಿನ ನೀರಿನ ಉಪ್ಪಿನ ಮೂರನೆಯ ಒಂದು ಭಾಗದಷ್ಟೇ ಆದ್ದರಿಂದ ಅದರ ದೇಹದಿಂದ ನೀರು ಸದಾ ಹೊರಕ್ಕೆ ಸೆಳೆಯಲ್ಪಡುತ್ತದೆ. ಆ ನಷ್ಟವನ್ನು ತುಂಬಿಕೊಳ್ಳಲು ಮೀನು ಕಡಲ ನೀರನ್ನು ನಿರಂತರವಾಗಿ ಕುಡಿಯುತ್ತಲೇ ಇರಬೇಕು. ನೀವು ಬೆರೆಸುವ ನೀರು ಅದರ ಹೊಟ್ಟೆಗೇ ಹೋಗುತ್ತದೆ ಎಂಬುದನ್ನು ಗಮನದಲ್ಲಿಟ್ಟುಕೊಂಡರೆ ಬರಿಯ ಸೋಡಿಯಂ ಕ್ಲೋರೈಡಿನ ದ್ರಾವಣದಲ್ಲಿ ಅದನ್ನು ಇಡಬಾರದೆಂಬುದು ಮನವರಿಕೆಯಾಗುತ್ತದೆ.

ಸಾಣಿಕಟ್ಟಾ ಉಪ್ಪು, ಅಂಗಡಿಯ ಕಲ್ಲುಪ್ಪು, ಸೈಂಧವ ಲವಣ, ಅಯೋಡಿನ್ ಬೆರೆಸಿದ ಪುಡಿ ಉಪ್ಪು ಎಲ್ಲವೂ ಈ ದೃಷ್ಟಿಯಿಂದ ಒಂದೇ. ‘ಅಕ್ವೇರಿಯಂ ಸಾಲ್ಟ್’ ಎಂದು ನೀವು ನೋಡಿದ್ದೂ ಸಿಹಿನೀರಿನ ಮೀನುಗಳಿಗೆ ಔಷಧವಾಗಿ ಬಳಸುವ ಸೋಡಿಯಂ ಕ್ಲೋರೈಡ್ ಅಷ್ಟೆ. ಹೊದಿಕೆಯ ಮೇಲೆ ಕಡಲನೀರಿನ ತೊಟ್ಟಿಗೆಂದು ಸ್ಪಷ್ಟವಾಗಿ ಬರೆದಿರುವ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮತ್ತು ಕ್ಷಾರತೆಯ (ನೀರು ಆಮ್ಲೀಯವಾಗದಂತೆ ತಡೆಯುವ ಗುಣ) ಅಂಕಿಗಳನ್ನು ಕೊಟ್ಟಿರುವ ಮಿಶ್ರಣವನ್ನೇ ಕೊಳ್ಳಿ.

ಮಲ್ಲೇಶ್ವರ_ತೊಟ್ಟಿ

ಮೇಷ್ಟ್ರು ಹೇಳಿದ್ದಕ್ಕೆ ಲೆಕ್ಕದ ಭಾಗವನ್ನು ಸೇರಿಸುತ್ತೇನೆ, ಏಕೆಂದರೆ ಹೊಸಬರು ಕಿಲೋ ಬೆಲೆಯನ್ನು ನೋಡಿ ಅನಗತ್ಯವಾಗಿ ಹೆದರುತ್ತಾರೆ.

ಮಿಶ್ರಣದ ಲವಣಗಳಲ್ಲಿ ಸ್ವಲ್ಪ ನೀರಿನ ಅಂಶವೂ ಸೇರಿರುವುದರಿಂದ ಲೀಟರಿಗೆ 35 ಗ್ರಾಂ ಬದಲು 36ರಿಂದ 40 ಗ್ರಾಂ ಬೇಕಾಗುತ್ತದೆ. 38 ಗ್ರಾಂ ಎಂದಿಟ್ಟುಕೊಳ್ಳಿ. ನಿಮ್ಮ 150 ಲೀಟರಿಗೆ ಮೊದಲ ಸಲ 5.7 ಕಿಲೋ ಹಿಡಿಯುತ್ತದೆ. ಆಮೇಲೆ ಹದಿನೈದು ದಿನಕ್ಕೊಮ್ಮೆ ಶೇ. 10ರಷ್ಟು ನೀರು ಬದಲಿಸಿದರೆ ಪ್ರತಿ ಬಾರಿ 570 ಗ್ರಾಂ, ಅಂದರೆ ವರ್ಷಕ್ಕೆ ಹೆಚ್ಚುಕಡಿಮೆ 15 ಕಿಲೋ. ಆವಿಯಾಗಿ ಕಡಿಮೆಯಾದ ನೀರಿಗೆ ಉಪ್ಪು ಸೇರಿಸುವಂತಿಲ್ಲ, ಉಪ್ಪು ತೊಟ್ಟಿಯಲ್ಲೇ ಉಳಿದಿರುತ್ತದೆಯಾದ್ದರಿಂದ ಶುದ್ಧ ನೀರನ್ನಷ್ಟೇ ತುಂಬಬೇಕು. ಒಟ್ಟಿನಲ್ಲಿ ಮೊದಲ ವರ್ಷಕ್ಕೆ 20 ಕಿಲೋ ಚಿಲ್ಲರೆ ಸಾಕು. ಎರಡು ಉಪ್ಪುಗಳ ನಡುವೆ ಕಿಲೋಗೆ 150 ರೂಪಾಯಿ ವ್ಯತ್ಯಾಸವಿದೆ ಎಂದೇ ಭಾವಿಸಿದರೂ ವರ್ಷಕ್ಕೆ 3,000 ರೂಪಾಯಿ, ತಿಂಗಳಿಗೆ 250 ರೂಪಾಯಿ ಆಗುತ್ತದೆ. ಬೆಲೆಯನ್ನು ಹೋಲಿಸುವಾಗ ಚೀಲದ ಮೇಲೆ ‘ಇಷ್ಟು ಲೀಟರಿಗೆ’ ಎಂದು ಬರೆದಿರುವುದನ್ನೂ, ಆ ಲೀಟರುಗಳನ್ನು ಎಷ್ಟು ಲವಣಾಂಶಕ್ಕೆ ಲೆಕ್ಕ ಹಾಕಿದ್ದಾರೆಂಬುದನ್ನೂ ನೋಡಿ. ಲವಣಾಂಶವನ್ನು ಕಡಿಮೆ ಹಿಡಿದು ಹೆಚ್ಚು ಲೀಟರ್ ತೋರಿಸುವುದು ಸಾಮಾನ್ಯ.

ಹಣ ಉಳಿಸಲು ನ್ಯಾಯವಾದ ದಾರಿ ಇರುವುದು ‘ರೀಫ್’ ಮಿಶ್ರಣವನ್ನು ಬಿಡುವುದರಲ್ಲಿ. ರೆಡ್ ಸೀ ಸಂಸ್ಥೆಯ ಕೋರಲ್ ಪ್ರೊ ತರಹದ ಉಪ್ಪುಗಳಲ್ಲಿ ಹವಳ ಬೆಳೆಯಲೆಂದು ಕ್ಯಾಲ್ಸಿಯಂ ಮತ್ತು ಕ್ಷಾರತೆಯನ್ನು ಹೆಚ್ಚಿಸಿರುತ್ತಾರೆ. ಅದೇ ಸಂಸ್ಥೆಯ ಸಾಮಾನ್ಯ ಉಪ್ಪಾಗಲಿ, ಇನ್‌ಸ್ಟಂಟ್ ಓಷನ್ ಆಗಲಿ, ಅಂಕಿಅಂಶಗಳನ್ನು ಮುದ್ರಿಸಿರುವ ಇಲ್ಲಿಯ ಚೀಲವಾಗಲಿ ನಿಮ್ಮ ಮೀನುಗಳಿಗೆ ಧಾರಾಳವಾಗಿ ಸಾಕು. ಅಗ್ಗದ ಉಪ್ಪಿನಲ್ಲಿ ಕ್ಷಾರತೆ ತುಸು ಕಡಿಮೆ ಬಂದರೆ ಅಡುಗೆ ಸೋಡಾದಿಂದ ಸರಿಪಡಿಸಬಹುದು. ನಿಮ್ಮ ತೊಟ್ಟಿಗೆ ಕ್ಷಾರತೆಯನ್ನು ಒಂದು ಡಿಕೆಎಚ್ (ಕ್ಷಾರತೆಯನ್ನು ಅಳೆಯುವ ಮಾನ) ಏರಿಸಲು ನಾಲ್ಕೂವರೆ ಗ್ರಾಂ, ಅಂದರೆ ಮಟ್ಟವಾದ ಒಂದು ಟೀ ಚಮಚದಷ್ಟು ಬೇಕು. ಅದನ್ನು ಆರ್‌ಒ ನೀರಿನಲ್ಲಿ ಕರಗಿಸಿ, ನೀರು ರಭಸವಾಗಿ ಹರಿಯುವ ಕಡೆ ನಿಧಾನವಾಗಿ ಸುರಿಯಿರಿ. ಬೇಕಿಂಗ್ ಪೌಡರ್ ಬೇರೆಯ ವಸ್ತು, ಅದನ್ನು ಹಾಕಕೂಡದು.

ಹೆಸರುಚೀಟಿಯಿಲ್ಲದ ಪೊಟ್ಟಣವನ್ನು ಮಾತ್ರ ಕೊಳ್ಳಬೇಡಿ. ದೊಡ್ಡ ಚೀಲದಲ್ಲಿ ಸಾಗಾಣಿಕೆಯ ಕುಲುಕಾಟಕ್ಕೆ ಬೇರೆಬೇರೆ ಗಾತ್ರದ ಹರಳುಗಳು ಬೇರೆಬೇರೆ ಪದರಗಳಾಗಿ ಕೂತಿರುತ್ತವೆ. ಮೇಲಿನಿಂದ ತೋಡಿ ತುಂಬಿದ ಒಂದು ಕಿಲೋದಲ್ಲಿ ಯಾವ ಲವಣ ಎಷ್ಟಿದೆಯೆಂದು ಅಂಗಡಿಯವರಿಗೂ ತಿಳಿದಿರುವುದಿಲ್ಲ. ಮಳೆಗಾಲದಲ್ಲಿ ತೆರೆದಿಟ್ಟ ಚೀಲ ತೇವ ಹೀರಿ ಗಟ್ಟಿಯಾಗುತ್ತದೆ, ಆ ಗಂಟುಗಳೊಳಗೆ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಕೂಡಿಕೊಂಡು ಮತ್ತೆ ಕರಗದ ಬಿಳಿ ಪುಡಿಯಾಗುತ್ತವೆ. ಇದರ ಬದಲು ಇಬ್ಬರು ಮೂವರು ಹವ್ಯಾಸಿಗಳು ಸೇರಿ ಸೀಲು ಒಡೆಯದ ಬಕೆಟ್ಟು ಕೊಂಡು, ಚೆನ್ನಾಗಿ ಉರುಳಿಸಿ ಬೆರೆಸಿ, ಬಿಗಿಯಾದ ಮುಚ್ಚಳದ ಡಬ್ಬಗಳಿಗೆ ಹಂಚಿಕೊಂಡರೆ ಕಿಲೋ ಬೆಲೆ ತಾನಾಗಿಯೇ ಇಳಿಯುತ್ತದೆ.

ಬಸವನಗುಡಿ_ಮೀನುಪ್ರಿಯ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಹಿ ನೀರಿನ ವಿಚಾರವನ್ನು ಮನೆಯಲ್ಲಿ ಓದಿ ಹೇಳಿದೆ, ಎಲ್ಲರಿಗೂ ಒಪ್ಪಿಗೆಯಾಯಿತು. ಇನ್ನೆರಡು ಸಂದೇಹಗಳಿವೆ. ನಮ್ಮ ಬಂಧುಗಳು ಮಲ್ಪೆಯಿಂದ ಆಗಾಗ ಕಾರಿನಲ್ಲಿ ಬರುತ್ತಾರೆ. ಅವರಿಂದ ಕಡಲ ನೀರನ್ನೇ ತರಿಸಿಕೊಂಡರೆ ಉಪ್ಪಿನ ಖರ್ಚೇ ಇರುವುದಿಲ್ಲವಲ್ಲ? ಹಾಗೆಯೇ, ರಾಸಾಯನಿಕಗಳನ್ನು ಬಿಡಿಯಾಗಿ ಕೊಂಡು ಮನೆಯಲ್ಲೇ ಮಿಶ್ರಣ ಮಾಡಿಕೊಳ್ಳುವುದು ಸಾಧ್ಯವೇ?

ಕುಡ್ಲದವಳು

ನಾನು ಮಂಗಳೂರಿನವಳು, ಈಗ ಬೆಂಗಳೂರಿನಲ್ಲಿದ್ದೇನೆ. ಕಡಲ ನೀರನ್ನು ತರುವುದು ಸಾಧ್ಯ, ಆದರೆ ಎಲ್ಲಿ ಮತ್ತು ಯಾವಾಗ ತುಂಬುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಸೇರುವ ಅಳಿವೆಯ ಬಳಿ ಮಳೆಗಾಲದಲ್ಲಿ ನೀರು ಕೆಂಪಾಗಿ, ಉಪ್ಪು ಬಹಳ ಇಳಿದಿರುತ್ತದೆ. ಕರಾವಳಿಯ ಉದ್ದಕ್ಕೂ ನದಿಗಳೇ ಇರುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಡದ ನೀರನ್ನು ನಂಬುವಂತಿಲ್ಲ. ಮಲ್ಪೆಯಲ್ಲಾದರೆ ಬಂದರಿನ ಒಳಗೆ ದೋಣಿಗಳ ಡೀಸೆಲ್ ಜಿಡ್ಡು ನೀರಿನ ಮೇಲೆ ಬಣ್ಣಬಣ್ಣದ ಪೊರೆಯಾಗಿ ತೇಲುವುದು ಬರಿಗಣ್ಣಿಗೆ ಕಾಣುತ್ತದೆ, ಅಂಥ ಕಡೆ ಕ್ಯಾನು ಅದ್ದಬಾರದು. ಬೇಸಿಗೆಯಲ್ಲಿ, ಬಂದರಿನಿಂದಲೂ ಅಳಿವೆಯಿಂದಲೂ ದೂರದಲ್ಲಿ, ಉಬ್ಬರದ ಹೊತ್ತಿನಲ್ಲಿ ತುಂಬಿದ ನೀರು ಚೆನ್ನಾಗಿರುತ್ತದೆ.

ತಂದ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ತುಂಬಿರುತ್ತವೆ. ಮುಚ್ಚಿದ ಕ್ಯಾನಿನಲ್ಲಿ ಅವು ಸತ್ತು ಅಮೋನಿಯಾ ಬಿಡುತ್ತವೆ. ಆದ್ದರಿಂದ ಬಟ್ಟೆಯಲ್ಲಿ ಸೋಸಿ, ಒಂದೆರಡು ವಾರ ಕತ್ತಲಲ್ಲಿಟ್ಟು, ಗಾಳಿ ಆಡಿಸಿ, ಅಮೋನಿಯಾ ಮತ್ತು ಲವಣಾಂಶವನ್ನು ಪರೀಕ್ಷಿಸಿದ ನಂತರವೇ ತೊಟ್ಟಿಗೆ ಹಾಕಬೇಕು. ನಿಮ್ಮ ತೊಟ್ಟಿಯನ್ನು ತುಂಬಲು ಬೇಕಾಗುವ ನೀರಿನ ತೂಕವೇ 150 ಕಿಲೋ ದಾಟುತ್ತದೆ, ಬಂಧುಗಳ ಕಾರಿಗೆ ಅದು ದೊಡ್ಡ ಹೊರೆ. ಬೇಸಿಗೆಯಲ್ಲಿ ಅವರು ಬರುವಾಗ ಒಂದೆರಡು ಕ್ಯಾನು ತಂದರೆ ನೀರು ಬದಲಿಸಲು ಬಳಸಿಕೊಳ್ಳಿ. ಮಳೆಗಾಲಕ್ಕೆ ಹೇಗಿದ್ದರೂ ಚೀಲದ ಉಪ್ಪು ಮನೆಯಲ್ಲಿರಲೇಬೇಕು.

ರಸಾಯನ_ಮೇಷ್ಟ್ರು

ಕುಡ್ಲದ ಮೇಡಂ ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ.

ಮನೆಯಲ್ಲಿ ಮಿಶ್ರಣ ಮಾಡುವುದು ತಾತ್ತ್ವಿಕವಾಗಿ ಸಾಧ್ಯ. ಪ್ರಯೋಗಾಲಯಗಳಲ್ಲಿ ಕೃತಕ ಕಡಲ ನೀರನ್ನು ಹಾಗೆಯೇ ತಯಾರಿಸುತ್ತಾರೆ. ಲೀಟರಿಗೆ ಸೋಡಿಯಂ ಕ್ಲೋರೈಡ್ 24 ಗ್ರಾಂ, ಹರಳು ರೂಪದ ಮೆಗ್ನೀಸಿಯಂ ಕ್ಲೋರೈಡ್ ಸುಮಾರು 11 ಗ್ರಾಂ, ಸೋಡಿಯಂ ಸಲ್ಫೇಟ್ 4 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ 1.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.7 ಗ್ರಾಂ, ಸೋಡಿಯಂ ಬೈಕಾರ್ಬೊನೇಟ್ 0.2 ಗ್ರಾಂ ಮುಖ್ಯವಾದವು. ತೊಡಕಿರುವುದು ಶುದ್ಧತೆಯಲ್ಲಿ. ಗೊಬ್ಬರದ ಅಂಗಡಿಯಲ್ಲೂ ಕಾರ್ಖಾನೆಯ ಸರಕಿನಲ್ಲೂ ಅಗ್ಗವಾಗಿ ಸಿಗುವ ಈ ಲವಣಗಳಲ್ಲಿ ತಾಮ್ರ ಅಥವಾ ಅಮೋನಿಯಾ ಎಷ್ಟಿದೆ ಎಂಬ ಖಾತರಿ ಇರುವುದಿಲ್ಲ. ಬೆಳೆಗೆ ತೊಂದರೆ ಕೊಡದಷ್ಟು ತಾಮ್ರವೂ ನಿಮ್ಮ ಬಸವನಹುಳುಗಳನ್ನು ಕೊಲ್ಲಬಲ್ಲದು. ಶುದ್ಧ ದರ್ಜೆಯ ರಾಸಾಯನಿಕಗಳನ್ನು ಸಣ್ಣ ಪ್ರಮಾಣದಲ್ಲಿ ಕೊಂಡರೆ ಸಿದ್ಧ ಮಿಶ್ರಣಕ್ಕಿಂತ ಹೆಚ್ಚು ಖರ್ಚಾಗುತ್ತದೆ. 150 ಲೀಟರಿನ ತೊಟ್ಟಿಗೆ ಈ ಶ್ರಮ ಬೇಡವೆಂಬುದು ನನ್ನ ದೃಢವಾದ ಅಭಿಪ್ರಾಯ.

ಉಪ್ಪಿಗಿಂತ ನೀರಿನ ಬಗ್ಗೆ ನಾನು ಹೆಚ್ಚು ಚಿಂತಿಸುತ್ತೇನೆ. ನಮ್ಮ ಸಂಪುಗಳಲ್ಲಿ ಕಾವೇರಿ, ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಬೆರೆತಿರುತ್ತವೆ. ಆರ್‌ಒ ಇಲ್ಲದೆ ಅದನ್ನು ಬಳಸಬಾರದು. ಆದರೆ ಅಡುಗೆಮನೆಯ ಆರ್‌ಒ ಯಂತ್ರವೂ ಇದ್ದ ಹಾಗೆಯೇ ಸಾಲದು. ಕುಡಿಯುವ ನೀರಿಗೆ ರುಚಿ ಬರಲೆಂದು ಅದರಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣಾಂಶ) ಹೊಂದಿಸುವ ಸಣ್ಣ ತಿರುಪು ಇರುತ್ತದೆ, ಅದು ಆರ್‌ಒ ಮೆಂಬ್ರೇನನ್ನು ಹಾಯದ ನೀರನ್ನು ಸ್ವಲ್ಪ ಬೆರೆಸುತ್ತದೆ. ಕೆಲವು ಯಂತ್ರಗಳಲ್ಲಿ ಖನಿಜದ ಕಾರ್ಟ್ರಿಜ್ ಇರುತ್ತದೆ, ಈಚಿನ ಹಲವದರಲ್ಲಿ ತಾಮ್ರದ ಕಾರ್ಟ್ರಿಜ್ ಕೂಡ ಇದೆ. ಮನುಷ್ಯರಿಗೆ ಒಳ್ಳೆಯದೆಂದು ಸೇರಿಸುವ ಆ ತಾಮ್ರ ಕಡಲ ತೊಟ್ಟಿಗೆ ಬರಲೇಕೂಡದು. ರಿಪೇರಿಯವರನ್ನು ಕರೆಸಿ, ಮೆಂಬ್ರೇನಿನಿಂದ ನೀರು ಹೊರಬಂದ ಕೂಡಲೇ, ಇವೆಲ್ಲಕ್ಕೂ ಮೊದಲು, ‘T’ ಆಕಾರದ ಒಂದು ಕವಲು ಜೋಡಿಸಿ ಬೇರೆ ನಳಿಕೆ ತೆಗೆಸಿಕೊಳ್ಳಿ. ಟಿಡಿಎಸ್ ಮೀಟರ್ 10ಕ್ಕಿಂತ ಕಡಿಮೆ ತೋರಿಸಬೇಕು.

ಮಲ್ಲೇಶ್ವರ_ತೊಟ್ಟಿ

ಬೆರೆಸುವ ಕ್ರಮವನ್ನೂ ಹೇಳಿಬಿಡುತ್ತೇನೆ. ಮೊದಲು ನೀರನ್ನು ಅಳೆದು ಬಕೆಟ್ಟಿಗೆ ತುಂಬಿ, ಒಳಗೆ ಸಣ್ಣ ಪಂಪು ಓಡಿಸುತ್ತಾ ಉಪ್ಪನ್ನು ಸ್ವಲ್ಪಸ್ವಲ್ಪವಾಗಿ ಉದುರಿಸಬೇಕು. ಉಪ್ಪಿನ ಮೇಲೆ ನೀರು ಸುರಿದರೆ ತಳದಲ್ಲಿ ದ್ರಾವಣ ಅತಿಯಾಗಿ ಗಾಢವಾಗಿ ಕ್ಯಾಲ್ಸಿಯಂ ಅಲ್ಲೇ ಬಿಳಿಯಾಗಿ ಕೂತುಬಿಡುತ್ತದೆ. ತೊಟ್ಟಿಯಲ್ಲೇ ಮೀನಿರುವಾಗ ಒಣ ಉಪ್ಪು ಹಾಕುವ ಮಾತೇ ಇಲ್ಲ. ಒಂದು ದಿನ ಪಂಪು ಓಡಿದ ಮೇಲೆ ನೀರು ಕನ್ನಡಿಯಂತೆ ತಿಳಿಯಾಗಿರಬೇಕು. ಅಗ್ಗದ ಉಪ್ಪಿನಲ್ಲಿ ಬಕೆಟ್ಟಿನ ಬದಿಗೆ ಕಂದು ಲೇಪ ಅಂಟಬಹುದು, ತೆಳುವಾಗಿದ್ದರೆ ಒರೆಸಿದರಾಯಿತು. ಹೊಸ ಚೀಲ ತೆರೆದಾಗಲೆಲ್ಲ ಮೊದಲ ಬಕೆಟ್ಟಿನಲ್ಲಿ ಅಮೋನಿಯಾ ಪರೀಕ್ಷೆ ಮಾಡಿ.

ಮೀನು ಮಾತ್ರ ಇರುವ ತೊಟ್ಟಿಯನ್ನು ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗೆ ಹೋಲಿಸಿದರೆ ಉಪ್ಪುನೀರು ಎಷ್ಟು ಪಟ್ಟು ಭಾರವೆಂಬ ಅಳತೆ) 1.022ರಲ್ಲಿ ಇಟ್ಟು ಶೇ. 15ರಷ್ಟು ಉಪ್ಪು ಉಳಿಸುವವರಿದ್ದಾರೆ, ಮೀನುಗಳು ಅದಕ್ಕೆ ಹೊಂದಿಕೊಳ್ಳುತ್ತವೆ. ನಿಮ್ಮಲ್ಲಿ ಬಸವನಹುಳುಗಳೂ ಇರುವುದರಿಂದ 1.025ರ ಆಸುಪಾಸಿನಲ್ಲೇ ಇಡಿ.

ಬಸವನಗುಡಿ_ಮೀನುಪ್ರಿಯ

ಹಾಗಾದರೆ ಸೀಲು ಒಡೆಯದ, ಅಂಕಿಅಂಶವಿರುವ ಸಾಮಾನ್ಯ ಮಿಶ್ರಣವನ್ನೇ ಕೊಳ್ಳುತ್ತೇನೆ, ಪಾಲುಗಾರರನ್ನೂ ಹುಡುಕುತ್ತೇನೆ. ಜಯನಗರ, ಬಸವನಗುಡಿಯ ಕಡೆ ಯಾರಾದರೂ ಇದ್ದರೆ ತಿಳಿಸಿ. ಲವಣಾಂಶ ಅಳೆಯಲು ರಿಫ್ರ್ಯಾಕ್ಟೋಮೀಟರ್ ತರಿಸಿದ್ದೇನೆ. ಅದನ್ನು ಸರಿಹೊಂದಿಸುವ ದ್ರಾವಣವನ್ನು ಪ್ರತ್ಯೇಕವಾಗಿ ಕೊಳ್ಳಲೇಬೇಕೇ?

ರಸಾಯನ_ಮೇಷ್ಟ್ರು

ಕೊಳ್ಳಬೇಕಾಗಿಲ್ಲ. ಅಯೋಡಿನ್ ಬೆರೆಸದ ಶುದ್ಧ ಸೋಡಿಯಂ ಕ್ಲೋರೈಡ್ 3.65 ಗ್ರಾಂ ತೂಗಿ, 96.35 ಗ್ರಾಂ ಶುದ್ಧ ನೀರಿನಲ್ಲಿ ಕರಗಿಸಿ. ಬೆಳಕನ್ನು ಬಾಗಿಸುವ ಗುಣದಲ್ಲಿ ಈ ದ್ರಾವಣ ಸಾವಿರಕ್ಕೆ 35ರ ಕಡಲ ನೀರಿಗೆ ಸಮ, ಆದ್ದರಿಂದ ಇದನ್ನು ಗಾಜಿನ ಮೇಲೆ ಒಂದೆರಡು ಹನಿ ಬಿಟ್ಟು ತಿರುಪನ್ನು 35ಕ್ಕೆ ಹೊಂದಿಸಿದರೆ ಸಾಕು. ಗ್ರಾಮಿನ ನೂರನೆಯ ಒಂದು ಭಾಗವನ್ನು ತೋರಿಸುವ ತಕ್ಕಡಿ ಬೇಕು, ಅಡುಗೆಮನೆಯ ತಕ್ಕಡಿ ನಡೆಯುವುದಿಲ್ಲ. ಬಿಗಿಯಾದ ಗಾಜಿನ ಶೀಶೆಯಲ್ಲಿ ಮುಚ್ಚಿಡಿ, ಏಕೆಂದರೆ ನೀರು ಆವಿಯಾದರೆ ಅಳತೆ ತಪ್ಪುತ್ತದೆ. ಬರಿಯ ಆರ್‌ಒ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಮೇಲಿನ ಅಂಕಿಗಳಲ್ಲಿ ವ್ಯತ್ಯಾಸ ಉಳಿಯುವ ಸಾಧ್ಯತೆ ಇರುವುದರಿಂದ, ತಿಂಗಳಿಗೊಮ್ಮೆಯಾದರೂ ಈ ದ್ರಾವಣದಿಂದಲೇ ಪರಿಶೀಲಿಸಿ. ಉಪ್ಪನ್ನು ಹಂಚಿಕೊಳ್ಳುವ ವಿಚಾರದಲ್ಲಿ ನನ್ನನ್ನೂ ಸೇರಿಸಿಕೊಳ್ಳಿ, ನಾನು ಬನಶಂಕರಿಯಲ್ಲಿದ್ದೇನೆ, ಐದು ಕಿಲೋ ಬೇಕಾಗಬಹುದು.