ಪದ ಬೇಕು: ‘ಮೀನ್ಸ್ ಟೆಸ್ಟೆಡ್’ ಮಕ್ಕಳ ಭತ್ಯೆ

ಬೆಳಗಾವಿಯಿಂದ:
ಎಲ್ಲರಿಗೂ ನಮಸ್ಕಾರ. ಬ್ರಿಟನ್ನಿನ ಮಕ್ಕಳ ಭತ್ಯೆ ಕುರಿತ ಲೇಖನದ ಅನುವಾದ ಇವತ್ತು ರಾತ್ರಿ ಅಚ್ಚಿಗೆ ಹೋಗಬೇಕು. ‘ಮೀನ್ಸ್ ಟೆಸ್ಟೆಡ್’ಗೆ, ಅಂದರೆ ಹಣಕಾಸಿನ ಸ್ಥಿತಿ ನೋಡಿ ಕೊಡುವುದಕ್ಕೆ, ‘ಆದಾಯಾಧಾರಿತ’ ಅಂತ ಹಾಕಿದ್ದೆ. ಒಂದು ಕಡೆ ಕೂಡುತ್ತದೆ, ಇನ್ನೊಂದು ಕಡೆ ಕೂಡುವುದಿಲ್ಲ. ‘ಚೈಲ್ಡ್ ಬೆನಿಫಿಟ್’ನಲ್ಲಿ (ಮಕ್ಕಳ ಭತ್ಯೆ) ನೋಡುವುದು ಆದಾಯ ಮಾತ್ರ: 2024ರ ಏಪ್ರಿಲ್‌ನಿಂದ, ವರ್ಷದ ಆದಾಯ 60,000 ಪೌಂಡ್ ದಾಟಿದ ಮೇಲೆ ಪ್ರತಿ 200 ಪೌಂಡಿಗೆ ಭತ್ಯೆಯ ಶೇ. 1ರಷ್ಟನ್ನು ತೆರಿಗೆಯಾಗಿ ವಾಪಸ್ ಪಡೆಯುತ್ತಾರೆ, 80,000ಕ್ಕೆ ಪೂರ್ತಿ ಹೋಗುತ್ತದೆ. ಕಡಿಮೆ ಆದಾಯದವರಿಗೆ ಕೊಡುವ ಸರ್ಕಾರಿ ನೆರವಾದ ‘ಯುನಿವರ್ಸಲ್ ಕ್ರೆಡಿಟ್’ನಲ್ಲಿ ಉಳಿತಾಯವನ್ನೂ ಎಣಿಸುತ್ತಾರೆ, 16,000 ಪೌಂಡ್ ಮೀರಿದರೆ ಅರ್ಹತೆಯೇ ಇಲ್ಲ. ಎರಡಕ್ಕೂ ಹೊಂದುವ ಪದ ಹೇಳಿರಿ.

ವಿಜಯಪುರದಿಂದ:
‘ಆದಾಯಾಧಾರಿತ’ ತಪ್ಪು, ತಗೀರಿ. ಕನ್ನಡದಾಗ ‘ಅಳವು’ ಅದ. ‘ಅಳೆ’ ಧಾತುವಿನ ಪದ. ಅಳತೆ ಅಂತನೂ ಆಗ್ತದ, ಶಕ್ತಿ ಅಂತನೂ ಆಗ್ತದ. ಹಳಗನ್ನಡದ ‘ಅಳವಲ್ಲ’ ನೋಡ್ರಿ. ‘ಮೀನ್ಸ್’, ‘ಟೆಸ್ಟ್’ ಎರಡೂ ಒಂದೇ ಪದದಾಗ ಬಂದ್ವು. ‘ಅಳವು ನೋಡಿ ಕೊಡುವ ಭತ್ಯೆ’ ಅಂತ ಹಾಕ್ರಿ.

ಬಾಗಲಕೋಟೆಯಿಂದ:
ಅಳವು ನಿಘಂಟಿನಾಗ ಐತಿ, ಜನರ ಬಾಯಾಗ ಇಲ್ಲ. ನಮ್ಮ ಕಡೆ ‘ಅವನ ಐಪತ ಎಷ್ಟು’ ಅಂದರ ಗಳಿಕೆ, ಹೊಲ, ಕೂಡಿಟ್ಟ ರೊಕ್ಕ ಎಲ್ಲಾ ಅದರಾಗ ಬರತೈತಿ. ‘ಮೀನ್ಸ್’ ಅಂದರ ಅದ. ‘ಐಪತ ನೋಡಿ ಕೊಡುವ’ ಅನ್ರಿ, ಮುಗೀತು.

ವಿಜಯಪುರದಿಂದ:
ಐಪತ ಮರಾಠಿ. ಕನ್ನಡದ್ದು ಇರುವಾಗ ಕಡ ಯಾಕ? ಬ್ಯಾಡ.

ಬಾಗಲಕೋಟೆಯಿಂದ:
ಅರ್ಜಿ, ಜಿಲ್ಲೆ, ತಾಲೂಕು ಅರಬ್ಬಿಯಿಂದ ಬಂದಾವು, ಜಮೀನು ಪಾರಸಿಯಿಂದ. ಅವನ್ನ ಯಾರೂ ಕೇಳೂದಿಲ್ಲ, ಮರಾಠಿಯಿಂದ ಬಂದದ್ದಕ್ಕ ಮಾತ್ರ ತಕರಾರು. ಗಡಿನಾಡಿನ ಮಾತು ಕನ್ನಡ ಅಲ್ಲ ಅಂದರ ನಾ ಒಪ್ಪೂದಿಲ್ಲ.

ಬೆಳಗಾವಿಯ ಇನ್ನೊಬ್ಬರಿಂದ:
ಜಗಳ ಆಮೇಲೆ. ಅನುವಾದದಲ್ಲಿ ಚೈಲ್ಡ್ ಬೆನಿಫಿಟ್ ಜೊತೆ ‘ಕುಟುಂಬದ ಆದಾಯ’ ಅಂತ ಬಂದಿದ್ದರೆ ಮೊದಲು ಅದನ್ನು ತೆಗೆಯಿರಿ. ನಮ್ಮ ಬಿಪಿಎಲ್ ಕಾರ್ಡಿಗೆ ಕುಟುಂಬದ ಆದಾಯ ನೋಡುತ್ತಾರೆ, ಹೀಗಾಗಿ ಕೈ ತಾನಾಗಿ ಹಾಗೆ ಬರೆದುಬಿಡುತ್ತದೆ. ಅಲ್ಲಿಯ ಲೆಕ್ಕ ಜೊತೆಗಿರುವ ಇಬ್ಬರಲ್ಲಿ ಹೆಚ್ಚು ಗಳಿಸುವವರದು ಮಾತ್ರ. ಇಬ್ಬರೂ 60,000 ದುಡಿದು ಮನೆಗೆ 1,20,000 ಪೌಂಡ್ ತಂದರೆ ಭತ್ಯೆ ಪೂರ್ತಿ. ಒಬ್ಬರೇ 80,000 ತಂದರೆ ಏನೂ ಉಳಿಯದು. ಅನ್ಯಾಯ ಎಂಬ ವಾದ ಹುಟ್ಟುವುದೇ ಇಲ್ಲಿ. ‘ಕುಟುಂಬದ’ ಎಂದು ಬರೆದರೆ ಓದುಗರಿಗೆ ಆ ವಾದ ಕಾಣುವುದೇ ಇಲ್ಲ.

ಯುನಿವರ್ಸಲ್ ಕ್ರೆಡಿಟ್‌ನಲ್ಲಿ ಇಬ್ಬರ ಗಳಿಕೆಯನ್ನೂ ಕೂಡಿಸುತ್ತಾರೆ. ಅದನ್ನು ‘ನಿರುದ್ಯೋಗ ಭತ್ಯೆ’ ಎನ್ನಬೇಡಿ. ಕಡಿಮೆ ಸಂಬಳಕ್ಕೆ ದುಡಿಯುವವರಿಗೂ ಅದು ಸಿಗುತ್ತದೆ. ಮಕ್ಕಳಿರುವವರಿಗೆ ಗಳಿಕೆಯಲ್ಲಿ ಇಂತಿಷ್ಟು ವಿನಾಯಿತಿ ಇದೆ, ಅದನ್ನು ದಾಟಿದ ಪ್ರತಿ ಪೌಂಡಿಗೆ 55 ಪೆನ್ಸ್ ಕಡಿಮೆಯಾಗುತ್ತದೆ.

ಮೊದಲು ಕೇಳಿದವರಿಂದ:
‘ಕುಟುಂಬದ’ ಎರಡು ಕಡೆ ಇತ್ತು, ‘ಹೆಚ್ಚು ಗಳಿಸುವ ಪೋಷಕರ ಆದಾಯ’ ಎಂದು ತಿದ್ದಿದೆ. ಐಪತ ಮೈಸೂರಿನ ಓದುಗರಿಗೆ ತಿಳಿಯದು, ಅಳವು ಯಾರಿಗೂ ತಿಳಿಯದು. ಶೀರ್ಷಿಕೆಗೆ ‘ಸ್ಥಿತಿಗತಿ ನೋಡಿ ಕೊಡುವ ಭತ್ಯೆ’. ಆ 55 ಪೆನ್ಸಿನ ‘ಟೇಪರ್’ಗೆ ಏನು ಹಾಕಲಿ?

ವಿಜಯಪುರದಿಂದ:
ಸ್ಥಿತಿಗತಿಗೆ ನನ್ನ ವಿರೋಧ ಅದ. ಟೇಪರ್‌ಗೆ ‘ಕಡಿತ’ ಸಾಕು.

ಬಾಗಲಕೋಟೆಯಿಂದ:
ಸಾಲೂದಿಲ್ಲ. ಬರೇ ಕಡಿತ ಅಂದರ ಒಮ್ಮೆಲೇ ಕೊಯ್ದಂಗ ಕೇಳತೈತಿ. ‘ಗಳಿಕೆಗೆ ತಕ್ಕ ಕಡಿತ’ ಹಾಕ್ರಿ.