‘ಹೂಂ ಅನ್ನು’, ‘ಹೂಂಗುಟ್ಟು’: ಎರಡೂ ಒಂದೇನಾ?

ಎಲ್ಲರಿಗೂ ನಮಸ್ಕಾರ. ‘ಹೂಂ ಅನ್ನು’ ಮತ್ತು ‘ಹೂಂಗುಟ್ಟು’ ನಿಮ್ಮ ಕಡೆ ಹೇಗೆ ಬಳಕೆಯಲ್ಲಿವೆ ಅಂತ ತಿಳಿಯಬೇಕಿದೆ.

ನಮ್ಮ ದಾವಣಗೆರೆಯಲ್ಲಿ ‘ಹುಡುಗಿ ಮದುವೆಗೆ ಹೂಂ ಅಂದಳು’ ಅಂದರೆ ಒಪ್ಪಿದಳು ಅಂತ. ‘ಮದುವೆಗೆ ಹೂಂಗುಟ್ಟಿದಳು’ ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ. ಅಜ್ಜಿ ಕಥೆ ಹೇಳುವಾಗ ಮಾತ್ರ ಮೊಮ್ಮಗಳು ಹೂಂಗುಟ್ಟುತ್ತಾಳೆ. ರಾಕ್ಷಸ ರಾಜಕುಮಾರಿಯನ್ನು ಹೊತ್ತುಕೊಂಡು ಹೋದ ಅನ್ನುವಾಗಲೂ ಹೂಂಗುಟ್ಟುತ್ತಾಳೆ. ಅವನು ಮಾಡಿದ್ದು ಸರಿ ಅಂತ ಅಲ್ಲ. ‘ನಿದ್ದೆ ಬಂದಿಲ್ಲ, ಮುಂದೆ ಹೇಳಜ್ಜಿ’ ಅಂತ. ಸದ್ದು ಒಂದೇ, ಮಾಡುವ ಕೆಲಸ ಎರಡು. ಆ ಎರಡನ್ನೂ ಬೇರೆ ಮಾಡಿ ತೋರಿಸುವುದು ಈ ಕ್ರಿಯಾಪದಗಳು ಅಂತ ನನಗೆ ಅನ್ನಿಸುತ್ತದೆ.

ಭಾಷೆ ಏನೇನು ಕೆಲಸ ಮಾಡುತ್ತದೆ ಅಂತ ಯೋಚಿಸಿದವರು ಇದರ ಹತ್ತಿರ ಬಂದಿದ್ದಾರೆ. ನ್ಯೂಗಿನಿ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪಗಳ ಜನರ ನಡುವೆ ಇದ್ದು ಬಂದ ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ 1923ರಲ್ಲಿ ಒಂದು ವಿಷಯ ಎತ್ತಿ ತೋರಿಸಿದರು. ಎಷ್ಟೋ ಮಾತು ಸುದ್ದಿ ತಿಳಿಸಲಿಕ್ಕೆ ಅಲ್ಲ, ಜನರ ನಡುವಿನ ನಂಟು ಉಳಿಸಲಿಕ್ಕೆ. ನಮ್ಮ ‘ಊಟ ಆಯ್ತಾ?’ ಅಂಥದ್ದೇ ಅಲ್ವಾ. ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ 1960ರಲ್ಲಿ ಭಾಷೆಗೆ ಆರು ಕೆಲಸ ಹೇಳಿದರು. ಅವುಗಳಲ್ಲಿ ಒಂದು, ಮಾತಿನ ದಾರಿ ತೆರೆದಿದೆಯೇ ಅಂತ ನೋಡಿಕೊಳ್ಳುವುದು. ಫೋನಿನಲ್ಲಿ ‘ಹಲೋ, ಕೇಳಿಸ್ತಾ ಇದೆಯಾ?’ ಅನ್ನುತ್ತೇವಲ್ಲ, ಅದು. ಮಕ್ಕಳು ಭಾಷೆಯಿಂದ ಮೊದಲು ಮಾಡಲು ಕಲಿಯುವುದು ಇದನ್ನೇ ಅಂತಲೂ ಅವರು ಬರೆದರು. ಇದು ನನಗೆ ತುಂಬ ಹಿಡಿಸಿತು. ಮೊಮ್ಮಗಳ ಹೂಂ ಇಲ್ಲಿಗೆ ಸೇರುತ್ತದೆ.

ಮದುವೆಯ ಹೂಂ ಹಾಗಲ್ಲ. ಕೆಲವು ಮಾತು ಆಡಿದರೆ ಸಾಕು, ಕೆಲಸ ನಡೆದೇ ಹೋಗುತ್ತದೆ ಅಂತ ಇಂಗ್ಲೆಂಡಿನ ತತ್ವಜ್ಞಾನಿ ಜೆ. ಎಲ್. ಆಸ್ಟಿನ್ 1955ರ ಹಾರ್ವರ್ಡ್ ಉಪನ್ಯಾಸಗಳಲ್ಲಿ ವಿವರಿಸಿದರು. ಮಾತು ಕೊಡುವುದು, ಪಂಥ ಕಟ್ಟುವುದು, ಹೆಸರಿಡುವುದು, ಎಲ್ಲ ಹೀಗೆ. ಒಪ್ಪಿಗೆಯ ಹೂಂ ಈ ಸಾಲಿನದು. ಅಂದಮೇಲೆ ಹಿಂದಕ್ಕೆ ತಗೊಳ್ಳುವುದು ಕಷ್ಟ.

ಇದು ಬರೀ ತತ್ವದ ಮಾತಲ್ಲ. ನಮ್ಮ ಚಿಕ್ಕಪ್ಪನಿಗೆ ಮೆಕ್ಕೆಜೋಳ ಕೊಳ್ಳುವವರೊಬ್ಬರು ಫೋನ್ ಮಾಡಿ ರೇಟು, ತೂಕ, ಲಾರಿ ಬಾಡಿಗೆ ಎಲ್ಲ ಹೇಳುತ್ತಾ ಹೋದರು. ಚಿಕ್ಕಪ್ಪ ಪ್ರತಿ ಮಾತಿಗೂ ಹೂಂ, ಹೂಂ ಅಂದರು. ಎದುರಿಗಿದ್ದರೆ ಸುಮ್ನೆ ಮುಖ ನೋಡುತ್ತಾ ಕೇಳುತ್ತಿದ್ದರು. ಫೋನಿನಲ್ಲಿ ಸುಮ್ಮನಿದ್ದರೆ ಲೈನ್ ಕಟ್ ಆಯಿತು ಅಂದುಕೊಳ್ಳುತ್ತಾರೆ. ಮೂರನೇ ದಿನ ಲಾರಿ ಮನೆ ಮುಂದೆ ಬಂದು ನಿಂತಿತು. ‘ನೀವೇ ಹೂಂ ಅಂದ್ರಲ್ಲ’ ಅಂದರು ಅವರು. ‘ನೀವು ಹೇಳಿದ್ದು ಕೇಳಿಸ್ತು ಅಂದೆ, ಕೊಡ್ತೀನಿ ಅಂದ್ನಾ?’ ಅಂದರು ಚಿಕ್ಕಪ್ಪ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ ಅಂತ ನಾನು ನಂಬುತ್ತೇನೆ. ನಮ್ಮ ದೇಶದ 1872ರ ಕರಾರು ಕಾಯಿದೆ ಒಪ್ಪಿಗೆ ಪೂರ್ತಿಯಾಗಿ, ಷರತ್ತಿಲ್ಲದೆ ಇರಬೇಕು ಅನ್ನುತ್ತದೆ. ಆದರೆ ಹೂಂ ಯಾವಾಗ ಒಪ್ಪಿಗೆ ಆಗುತ್ತದೆ ಅನ್ನುವುದನ್ನು ಆಡುವವರ ರೂಢಿಯೇ ಹೇಳಬೇಕು.

ರಾಗದಲ್ಲಿ ವ್ಯತ್ಯಾಸ ಇದೆ. ನನ್ನ ಕಿವಿಗೆ ಅನ್ನಿಸುವಂತೆ, ಸುಮ್ಮನೆ ಕೇಳಿಸಿಕೊಳ್ಳುವ ಹೂಂ ಚಿಕ್ಕದು, ಸಮ. ಒಪ್ಪುವ ಹೂಂ ಸ್ವಲ್ಪ ಉದ್ದ, ಕೊನೆಯಲ್ಲಿ ಇಳಿಯುತ್ತದೆ. ಒಪ್ಪಿಗೆಗೆ ಹಿಂದೆಯೇ ಇನ್ನೊಂದು ಮಾತೂ ಬರುತ್ತದೆ: ‘ಹೂಂ, ಆಯ್ತು’, ‘ಹೂಂ, ಕಳಿಸಿ’. ಒಂಟಿ ಹೂಂ ಆದರೆ ಅದನ್ನು ಒಪ್ಪಿಗೆ ಅಂತ ಎಣಿಸಬಾರದು ಅನ್ನುವುದು ನನ್ನ ಅಭಿಪ್ರಾಯ. ಫೋನಿನ ಮಾತಿಗಂತೂ ಇದು ಜಾಸ್ತಿ ಸಲ್ಲುತ್ತದೆ.

ಜಪಾನೀಯರು ಕೇಳುವವರ ಇಂಥ ಸದ್ದುಗಳನ್ನೆಲ್ಲ ‘ಐಝುಚಿ’ ಅನ್ನುತ್ತಾರೆ. ಇಬ್ಬರು ಕಮ್ಮಾರರು ಒಬ್ಬರಾದ ಮೇಲೊಬ್ಬರು ಸುತ್ತಿಗೆ ಹೊಡೆಯುವುದರಿಂದ ಬಂದ ಮಾತು ಅದು. ನಮ್ಮಲ್ಲಿ ‘ಹೂಂಗುಟ್ಟು’ ಆ ಕೆಲಸಕ್ಕೆ ಸಾಕು ಅನ್ನಿಸುತ್ತದೆ. ಅದನ್ನು ಕಥೆಗಷ್ಟೇ ಬಿಡದೆ ದಿನದ ಮಾತಿಗೂ ಬಳಸಬೇಕು.

1997ಕ್ಕೆ ಮೊದಲು ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಈಗಲೂ ಇಲ್ಲಿ ಒಂದೇ ಅಂಗಡಿಯಲ್ಲಿ ಉತ್ತರದ ಕಡೆಯ ‘ಹೂನ್ರೀ’, ದಕ್ಷಿಣದ ಕಡೆಯ ‘ಹೂಂ ಸಾರ್’ ಎರಡೂ ಕೇಳುತ್ತವೆ. ಹಾಗಾಗಿ ನಮ್ಮ ಬಳಕೆಯೊಂದನ್ನೇ ನೆಚ್ಚಿಕೊಂಡು ತೀರ್ಮಾನಕ್ಕೆ ಬರಲು ಮನಸ್ಸಿಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಹಿರಿಯೂರು ಕಡೆಯವರು ಹೇಳಿ: ಒಪ್ಪಿಗೆ ಕೊಡುವುದಕ್ಕೆ ನಿಮ್ಮಲ್ಲಿ ‘ಹೂಂಗುಟ್ಟು’ ಬಳಸುತ್ತಾರಾ? ಧಾರವಾಡ, ಮಂಗಳೂರು ಕಡೆ ಸುಮ್ಮನೆ ಕೇಳಿಸಿಕೊಳ್ಳುವ ಸದ್ದಿಗೆ ಬೇರೆ ಮಾತು ಇದೆಯಾ? ಮನೆಯ ಹಿರಿಯರನ್ನು ಕೇಳಿ, ಅವರು ಆಡಿದ ವಾಕ್ಯವನ್ನು ಹಾಗೇ ಬರೆದು ಕಳಿಸಿದರೆ ತುಂಬ ಉಪಕಾರ.